ಅಲ್ಲಿ ಇರುವೆ, ಇಲ್ಲಿ ಹಕ್ಕಿ

ದೇಶಕ್ಕೊಂದು ಸಾಮಾನ್ಯ ಭಾಷೆ ಇದ್ದುಬಿಟ್ಟರೆ ಪ್ರಾಂತ ಪ್ರಾಂತಗಳ ನಡುವಿನ ತಾತ್ಸಾರ ತಾನಾಗಿಯೇ ಕರಗುತ್ತದೆ ಎಂಬ ಮಾತು ಹೊರನಾಡಿನಲ್ಲಿರುವ ನಮ್ಮ ಕಿವಿಗೆ ಹೊಸದಲ್ಲ. ದೆಹಲಿಯ ಕಚೇರಿಗಳಲ್ಲಿ ಅದು ಉಪದೇಶದ ರೂಪದಲ್ಲಿ ಬರುತ್ತದೆ, ಬೇರೆ ಕಡೆ ಗದರಿಕೆಯ ರೂಪದಲ್ಲಿ. ಇದನ್ನು ನಂಬಿದವರು ಒಮ್ಮೆ ಫಿಲಿಪ್ಪೀನ್ಸ್ ಕಡೆಗೆ ನೋಡಬೇಕೆಂಬುದು ನಮ್ಮ ಆಗ್ರಹ. ಆ ಪ್ರಯೋಗ ಅಲ್ಲಿ ಆರಂಭವಾಗಿ ಎಂಬತ್ತು ವರ್ಷಗಳ ಮೇಲಾಯಿತು.

1937ರ ಡಿಸೆಂಬರ್ 30ರಂದು ಅಧ್ಯಕ್ಷ ಮ್ಯಾನುಯೆಲ್ ಕೆಸೋನ್ ಅವರು ತಗಾಲೊಗ್ ಭಾಷೆಯ ತಳಹದಿಯ ಮೇಲೆ ರಾಷ್ಟ್ರಭಾಷೆಯನ್ನು ಕಟ್ಟಬೇಕೆಂದು ಆಜ್ಞೆ ಹೊರಡಿಸಿದರು. ತಗಾಲೊಗ್ ಎಂದರೆ ಮನಿಲಾ ಮತ್ತು ಅದರ ಸುತ್ತಣ ಪ್ರಾಂತಗಳ ನುಡಿ. ಉಳಿದವರು ಗೊಣಗಿದರು. 1959ರಲ್ಲಿ ಅದಕ್ಕೆ ‘ಪಿಲಿಪಿನೊ’ ಎಂದು ಹೆಸರಿಟ್ಟರು. 1987ರ ಸಂವಿಧಾನ ಅದನ್ನು ‘ಫಿಲಿಪಿನೊ’ ಎಂದು ಕರೆಯಿತು. ಎಲ್ಲ ಭಾಷೆಗಳಿಂದಲೂ ಪದಗಳನ್ನು ಪಡೆದು ಬೆಳೆಯುವ ಭಾಷೆ ಇದು, ಯಾರೊಬ್ಬರದೂ ಅಲ್ಲ ಎಂದು ಸಮಾಧಾನ ಹೇಳಲಾಯಿತು. ವ್ಯಾಕರಣ ಮಾತ್ರ ತಗಾಲೊಗಿನದೇ. ಅಂಗಿ ಬದಲಾಯಿತು, ಆಳು ಅವನೇ. ವಿಚಿತ್ರವೆಂದರೆ, 1960ರ ಜನಗಣತಿಯಲ್ಲಿ ತಗಾಲೊಗ್ ಮನೆಮಾತಿನವರಿಗಿಂತ ಸೆಬುವಾನೊ ಮನೆಮಾತಿನವರ ಸಂಖ್ಯೆಯೇ ದೊಡ್ಡದಿತ್ತು. ಆಯ್ಕೆಯಾದದ್ದು ರಾಜಧಾನಿಯ ಭಾಷೆ, ಬಹುಸಂಖ್ಯಾತರದಲ್ಲ.

ಹೀಗೆ ಒಂದು ನುಡಿ ‘ಭಾಷೆ’ಯ ಪೀಠವೇರಿದ ಕೂಡಲೇ ಉಳಿದ ನೂರಕ್ಕೂ ಹೆಚ್ಚು ನುಡಿಗಳು ‘ಡಯಲೆಕ್ಟ್’ ಆದವು. ಸೆಬುವಾನೊ, ಇಲೊಕಾನೊ, ಹಿಲಿಗಾಯ್ನೊನ್, ವಾರಾಯ್, ಕಪಂಪಾಂಗನ್ ಇವೆಲ್ಲ ಅಲ್ಲಿನ ಸುಶಿಕ್ಷಿತರ ಬಾಯಲ್ಲಿಯೂ ಇಂದಿಗೂ ಉಪಭಾಷೆಗಳೇ. ಯಾವುದರ ಉಪಭಾಷೆ? ಮನಿಲಾದವನು ‘ಲಂಗಮ್’ ಎಂದರೆ ಇರುವೆ, ಸೆಬುವಿನವನು ‘ಲಂಗಮ್’ ಎಂದರೆ ಹಕ್ಕಿ. ಕಲಿಯದೆ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಕನ್ನಡವನ್ನು ತಮಿಳಿನ ಉಪಭಾಷೆ ಎಂದವರ ಮೇಲೆ ಎಗರಿಬೀಳುವ ನಮಗೆ ಈ ಅವಮಾನದ ರುಚಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೆಬುವಾನೊದಲ್ಲಿ ‘ಲಿಬೊಗ್’ ಎಂದರೆ ಗೊಂದಲ, ತಗಾಲೊಗಿನಲ್ಲಿ ಕಾಮ. ತನಗೆ ಗೊಂದಲವಾಗಿದೆ ಎಂದು ಮುಗ್ಧವಾಗಿ ಹೇಳಿದ ಬಿಸಾಯ ಹುಡುಗಿ ಮನಿಲಾದ ತರಗತಿಯಲ್ಲಿ ನಗೆಪಾಟಲಾಗುತ್ತಾಳೆ. ಸೆಬುವಿಗೆ ಹೋದ ಮನಿಲಾದವನು ಇರುವೆಗೆ ಹಕ್ಕಿ ಎಂದಾಗ ಮಾತ್ರ, ಅರ್ಥಮಾಡಿಕೊಳ್ಳುವ ಹೊಣೆ ಕೇಳಿಸಿಕೊಂಡವನದು.

ದೂರದರ್ಶನದ ಧಾರಾವಾಹಿಗಳಲ್ಲಿ ಮನೆಗೆಲಸದವಳು ಬಿಸಾಯ ಧಾಟಿಯಲ್ಲಿ ಮಾತನಾಡುವುದು ಅಲ್ಲಿ ಒಂದು ಸಂಪ್ರದಾಯವೇ ಆಗಿಹೋಗಿದೆ. ಎ ಎನ್ನಬೇಕಾದಲ್ಲಿ ಇ, ಒ ಎನ್ನಬೇಕಾದಲ್ಲಿ ಉ. ಇಷ್ಟಾದರೆ ಪ್ರೇಕ್ಷಕರಿಗೆ ನಗು ಉಕ್ಕುತ್ತದೆ. ಆದರೆ ಈ ವ್ಯತ್ಯಾಸವೇ ತಗಾಲೊಗಿಗೆ ಮೂಲದ್ದಲ್ಲ. ಸ್ಪೇನಿನವರು ಬರುವ ಮುನ್ನ ಆ ಭಾಷೆಯನ್ನು ಬರೆಯುತ್ತಿದ್ದ ಬಾಯ್‌ಬಾಯಿನ್ ಲಿಪಿ, ಬ್ರಾಹ್ಮಿಯ ವಂಶದ್ದು, ನಮ್ಮ ಕನ್ನಡ ಲಿಪಿಯ ದೂರದ ನೆಂಟ. ಅದರಲ್ಲಿ ಇದ್ದದ್ದು ಮೂರೇ ಸ್ವರಾಕ್ಷರಗಳು: ಅ, ಇ ಮತ್ತು ಎ ಎರಡಕ್ಕೂ ಒಂದು, ಉ ಮತ್ತು ಒ ಎರಡಕ್ಕೂ ಒಂದು. ಐದು ಸ್ವರಗಳ ಖಚಿತ ಉಚ್ಚಾರಣೆ ಬಲಗೊಂಡದ್ದು ಸ್ಪ್ಯಾನಿಷ್ ಎರವಲು ಪದಗಳ ಮೂಲಕ. ಎಂದರೆ, ಬಿಸಾಯ ಸೇವಕಿಯನ್ನು ನೋಡಿ ನಗುವ ಮನಿಲಾದ ಯಜಮಾನಿ ನಗುತ್ತಿರುವುದು ತನ್ನ ಮುತ್ತಜ್ಜಿಯ ನಾಲಿಗೆಯನ್ನು ನೋಡಿ.

“ಇದೆಲ್ಲ ತಮಾಷೆ, ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬಾರದು” ಎನ್ನುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಇಲೊಕಾನೊ ಎಂದರೆ ಜಿಪುಣ, ಪ್ರಾಂತದಿಂದ ಬಂದವನೆಂದರೆ ‘ಪ್ರೊಮ್‌ಡಿ’, ಅಂದರೆ ಗಮಾರ. ತಮಾಷೆಯೇ ಇರಲಿ. ಆದರೆ ಈ ಏಣಿಯ ಕೆಳಗಿನ ಮೆಟ್ಟಿಲುಗಳಿಗೆ ಇಳಿದಂತೆ ನಗು ಎಲ್ಲಿ ಹೋಗುತ್ತದೆ ನೋಡಿ. 1904ರಲ್ಲಿ ಅಮೆರಿಕದವರು ಸೇಂಟ್ ಲೂಯಿಸ್ ಜಾಗತಿಕ ಮೇಳದಲ್ಲಿ ಲುಸೋನ್ ಪರ್ವತಗಳ ಇಗೊರೊಟ್ ಜನರನ್ನು ಪ್ರದರ್ಶನಕ್ಕಿಟ್ಟು ಹಣ ಮಾಡಿದರು. ಅದರಿಂದ ಅವಮಾನಿತರಾದ ಬಯಲು ಸೀಮೆಯ ಫಿಲಿಪಿನೊ ಗಣ್ಯರ ಸಿಟ್ಟು ತಿರುಗಿದ್ದು ಪ್ರದರ್ಶನ ಮಾಡಿದವರ ಮೇಲಷ್ಟೇ ಅಲ್ಲ, ಪ್ರದರ್ಶನಕ್ಕೊಳಗಾದವರ ಮೇಲೂ. 1943ರಲ್ಲಿ ಕಾರ್ಲೋಸ್ ರೊಮುಲೊ ತಮ್ಮ ಪುಸ್ತಕವೊಂದರಲ್ಲಿ ಇಗೊರೊಟರು ಫಿಲಿಪಿನೊಗಳೇ ಅಲ್ಲವೆಂದು ಬರೆದರು. ಆರು ವರ್ಷಗಳ ನಂತರ ಅವರೇ ವಿಶ್ವಸಂಸ್ಥೆಯ ಮಹಾಸಭೆಯ ಅಧ್ಯಕ್ಷರಾದರು.

ಸಮುದ್ರ ದಾಟಿದರೆ ಇದು ಹೋಗುತ್ತದೆಯೇ? 1906ರಿಂದ ಹವಾಯಿಯ ಕಬ್ಬಿನ ತೋಟಗಳಿಗೆ ಬಿಸಾಯರೂ ಇಲೊಕಾನೊಗಳೂ ಕೂಲಿಗಳಾಗಿ ಹೋದರು. 1924ರ ಸೆಪ್ಟೆಂಬರ್ 9ರಂದು ಕವಾಯಿ ದ್ವೀಪದ ಹನಪೆಪೆಯಲ್ಲಿ, ಬಹುಪಾಲು ಬಿಸಾಯರೇ ಆಗಿದ್ದ ಮುಷ್ಕರನಿರತರು ಮುಷ್ಕರಕ್ಕೆ ಸೇರದ ಇಬ್ಬರು ಇಲೊಕಾನೊ ತರುಣರನ್ನು ಹಿಡಿದಿಟ್ಟುಕೊಂಡಿದ್ದರು. ಬಿಡಿಸಲೆಂದು ಪೊಲೀಸರು ಬಂದರು. ಘರ್ಷಣೆಯಲ್ಲಿ 16 ಮಂದಿ ಕಾರ್ಮಿಕರೂ 4 ಮಂದಿ ಪೊಲೀಸರೂ ಸತ್ತರು. ಒಂದೇ ತೋಟ, ಒಂದೇ ಬಿಸಿಲು, ಒಂದೇ ಮಾಲೀಕವರ್ಗ; ಕೂಲಿಗಳನ್ನು ಒಡೆದು ಆಳುವುದರಲ್ಲಿ ನುರಿತಿದ್ದ ಆ ಮಾಲೀಕರಿಗೆ ಊರಿನಿಂದಲೇ ಬಂದ ಈ ಬಿರುಕು ಬಂಡವಾಳವಿಲ್ಲದ ಲಾಭವಾಯಿತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ಪ್ರಾಂತವಾರು ಗುಂಪುಗೂಡುವುದೇ ರೋಗದ ಮೂಲವಲ್ಲವೇ? ಹಾಂಗ್‌ಕಾಂಗ್‌ನಲ್ಲಿ ಮನೆಗೆಲಸ ಮಾಡುವ ಫಿಲಿಪಿನೊ ಹೆಂಗಸರು ಭಾನುವಾರ ನಗರದ ನಡುಭಾಗದಲ್ಲಿ ರಟ್ಟಿನ ಹಾಳೆ ಹಾಸಿ ತಮ್ಮ ತಮ್ಮ ಊರಿನವರೊಡನೆ ಕೂರುತ್ತಾರೆ, ಇದು ಸಂಕುಚಿತತೆಯಲ್ಲವೇ? ಅಲ್ಲ ಎಂದು ನಾವು ಒತ್ತಿ ಹೇಳುತ್ತೇವೆ. ವಾರಕ್ಕೊಮ್ಮೆ ತನ್ನ ನುಡಿಯಲ್ಲಿ ನಕ್ಕು, ತನ್ನೂರಿನ ಅಡುಗೆ ಹಂಚಿಕೊಂಡು ಉಂಡವಳು ಯಾರನ್ನೂ ಕೀಳು ಮಾಡಿಲ್ಲ. ಕೂಟ ಬೇರೆ, ಏಣಿ ಬೇರೆ. ಮುಂಬಯಿಯ ಕನ್ನಡ ಸಂಘಗಳನ್ನು ಕಟ್ಟಿದವರಿಗೆ ಇದು ಗೊತ್ತು.

ಏಣಿಗೆ ಸೆಬುವಿನಲ್ಲೂ ಮೆಟ್ಟಿಲುಗಳಿವೆ ಎಂಬುದನ್ನು ಮುಚ್ಚಿಡುವುದು ನ್ಯಾಯವಲ್ಲ. ಪಕ್ಕದ ಬೊಹೋಲ್ ದ್ವೀಪದವರು ಯಕಾರವನ್ನು ಜಕಾರ ಮಾಡುತ್ತಾರೆಂದು ಸೆಬುವಿನವರು ಆಡಿಕೊಳ್ಳುತ್ತಾರೆ. 2016ರಲ್ಲಿ ದಾವಾವ್‌ನ ರೊಡ್ರಿಗೊ ದುತೆರ್ತೆ ಅಧ್ಯಕ್ಷರಾದಾಗ ಬಿಸಾಯ ಮಾತು ಅರಮನೆ ಹೊಕ್ಕಿತೆಂದು ಹಲವರು ಹಿಗ್ಗಿದರು. ಹೊಕ್ಕದ್ದು ಒಬ್ಬರ ಧಾಟಿ, ಶಾಲೆ ಕಚೇರಿಗಳ ವ್ಯವಸ್ಥೆ ಇದ್ದಂತೆಯೇ ಇತ್ತು. ನಮ್ಮ ಸಿನಿಮಾಗಳಲ್ಲಿ ಧಾರವಾಡ, ಕಲಬುರಗಿ, ಕುಂದಾಪುರಗಳ ಕನ್ನಡ ಎಷ್ಟು ಕಾಲ ಹಾಸ್ಯನಟನ ಪಾಲಿಗೇ ಮೀಸಲಾಗಿತ್ತು ಎಂಬುದನ್ನೂ ಓದುಗರು ಇದರ ಪಕ್ಕದಲ್ಲಿಟ್ಟು ನೋಡಬಹುದು.

ಶಾಲೆಯ ಮಾತು ಬಂದಿತು. ಕೆಳ ತರಗತಿಗಳಲ್ಲಿ ಮಗುವಿನ ಮನೆಮಾತಿನಲ್ಲಿಯೇ ಪಾಠ ಹೇಳಬೇಕೆಂದು ಫಿಲಿಪ್ಪೀನ್ಸ್ 2013ರಲ್ಲಿ ಶಾಸನ ಮಾಡಿತು. ಒಂದು ‘ಡಯಲೆಕ್ಟ್’ಗೆ ಪಠ್ಯಪುಸ್ತಕದ ಗೌರವ ಸಿಗುವ ಮೊದಲ ನಿಜವಾದ ಅವಕಾಶ ಅದು. 2024ರ ಅಕ್ಟೋಬರಿನಲ್ಲಿ ಹೊಸ ಶಾಸನ ಆ ಕಡ್ಡಾಯವನ್ನು ತೆಗೆದುಹಾಕಿತು. ಪುಸ್ತಕಗಳು ಸಾಲವು, ತರಬೇತಾದ ಶಿಕ್ಷಕರು ಸಾಲರು ಎಂಬುದು ಸಮರ್ಥಕರ ವಾದ. ಸಾಲದಿರುವುದು ನಿಜವೇ. ತಗಾಲೊಗಿಗೂ 1937ರಲ್ಲಿ ಎಲ್ಲವೂ ಸಿದ್ಧವಾಗಿರಲಿಲ್ಲ. ಅದಕ್ಕೆಂದು ಸರ್ಕಾರವೇ ಸಂಸ್ಥೆ ಕಟ್ಟಿತು, ವ್ಯಾಕರಣ ನಿಘಂಟುಗಳನ್ನು ಮಾಡಿಸಿತು, 1940ರಿಂದ ಶಾಲೆಗಳಲ್ಲಿ ಕಲಿಸಿತು. ಸೆಬುವಾನೊ ಮಗುವಿಗೆ ಸಿಕ್ಕಿದ್ದು ಹತ್ತು ಹನ್ನೆರಡು ವರ್ಷಗಳ ಗಡುವು.