ಬಸುರಿಯ ಬಯಕೆ

ಬಸುರಿಯ ಬಯಕೆ ಏನೆಂದು ಕೇಳಿ ತಿಳಿದು ಅದನ್ನು ಸಲ್ಲಿಸುವುದು ನಮ್ಮ ಮನೆಗಳಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಸುಶ್ರುತಸಂಹಿತೆಯು ಗರ್ಭಿಣಿಯನ್ನು ಎರಡು ಹೃದಯಗಳುಳ್ಳವಳೆಂದು ಬಣ್ಣಿಸಿ, ಅವಳ ಇಚ್ಛೆಯನ್ನು ಅವಮಾನಿಸಬಾರದೆಂದು ವಿಧಿಸುತ್ತದೆ. ಆದರೆ ಗರ್ಭವೇ ಅವಳಿಗೆ ಬಯಸಿ ಬಂದುದೇ ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳುವುದು ಅಪೂರ್ವ.

ಇದನ್ನು ಕೇಳುವುದಕ್ಕೂ ಒಂದು ಕ್ರಮವುಂಟು. ನಮ್ಮ ದೇಶದಲ್ಲಿ 1992-93ರಲ್ಲಿ ಆರಂಭವಾದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಮೂರು ಉತ್ತರಗಳಿಗೆ ಅವಕಾಶ ಕೊಡುತ್ತದೆ: ಆಗಲೇ ಬೇಕಾಗಿತ್ತು, ತಡವಾಗಿ ಬೇಕಾಗಿತ್ತು, ಬೇಡವೇ ಆಗಿತ್ತು. ಮನುಷ್ಯನ ಮನಸ್ಸು ಮೂರೇ ಗೂಡುಗಳಲ್ಲಿ ಅಡಗತಕ್ಕ ವಸ್ತುವೇ? ಆದುದರಿಂದ 2004ರಲ್ಲಿ ಜೆರಾಲ್ಡಿನ್ ಬ್ಯಾರೆಟ್ ಮೊದಲಾದ ಸಂಶೋಧಕರು ಬ್ರಿಟನ್ನಿನಲ್ಲಿ ಸ್ತ್ರೀಯರ ಮಾತುಗಳನ್ನೇ ಆಧಾರವಾಗಿಟ್ಟುಕೊಂಡು ಬೇರೊಂದು ಅಳತೆಯನ್ನು ರಚಿಸಿದರು. ಅದಕ್ಕೆ ಲಂಡನ್ ಮಾನವೆಂದು ಹೆಸರು. ಅದರಲ್ಲಿ ಆರೇ ಪ್ರಶ್ನೆಗಳು: ಗರ್ಭನಿರೋಧಕದ ಬಳಕೆ ಇತ್ತೇ? ಕಾಲವು ತಕ್ಕುದಾಗಿತ್ತೇ? ಗರ್ಭ ಧರಿಸುವ ಸಂಕಲ್ಪವಿತ್ತೇ? ಮಗು ಬೇಕೆನಿಸಿತ್ತೇ? ಸಂಗಾತಿಯೊಡನೆ ಮಾತು ನಡೆದಿತ್ತೇ? ಆರೋಗ್ಯದ ಸಿದ್ಧತೆ ಮೊದಲೇ ಆಗಿತ್ತೇ? ಒಂದೊಂದಕ್ಕೆ ಹೆಚ್ಚೆಂದರೆ 2 ಅಂಕ; ಒಟ್ಟು 12. ಹತ್ತು ಮತ್ತು ಅದಕ್ಕೆ ಮೇಲ್ಪಟ್ಟರೆ ಸಂಕಲ್ಪಿತ ಗರ್ಭ. ಮೂರು ಮತ್ತು ಅದಕ್ಕೆ ಕೆಳಗಾದರೆ ಅಸಂಕಲ್ಪಿತ. ನಡುವಣದು ಇಬ್ಬಗೆಯ ಮನಸ್ಸು. ಬೆಂಗಳೂರಿನ ಸ್ತ್ರೀಯರಲ್ಲಿಯೂ ಈ ಮಾನವನ್ನು ಪರೀಕ್ಷಿಸಿ, ಅದರ ಫಲವನ್ನು 2010ರಲ್ಲಿ ಪ್ರಕಟಿಸಿದ್ದಾರೆ.

ಮಾತೃತ್ವವನ್ನು ಅಂಕಿಗಳಿಂದ ಅಳೆಯುವುದುಂಟೇ ಎಂದು ಕೆಲವರು ಆಕ್ಷೇಪಿಸಬಹುದು. ಇಲ್ಲಿ ಅಳೆಯುವುದು ವಾತ್ಸಲ್ಯವನ್ನಲ್ಲ. ಎಣಿಸದೆ ಬಂದ ಕೂಸು ಮನೆಯ ಕಣ್ಮಣಿಯಾಗುವುದನ್ನು ಯಾರು ಕಂಡಿಲ್ಲ? ಅಳೆಯುವುದು ಗರ್ಭಕ್ಕೆ ಮುಂಚಿನ ಸ್ಥಿತಿಯನ್ನು. ಅದರಿಂದ ಪ್ರಯೋಜನವೂ ಉಂಟು. ಶಿಶುವಿನ ಮಿದುಳು, ಬೆನ್ನುಹುರಿಗಳಿಗೆ ಮೂಲವಾದ ನಾಳವು ಗರ್ಭಧಾರಣೆಯಾದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ವೇಳೆ ತಾಯಿಗೆ ತಾನು ಗರ್ಭಿಣಿಯೆಂಬುದೇ ಆಗ ತಿಳಿದಿರುವುದಿಲ್ಲ. ಅದರ ದೋಷಗಳನ್ನು ತಡೆಯಲು ವೈದ್ಯರು ಹೇಳುವ ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭಕ್ಕೆ ಮುಂಚೆಯೇ ಆರಂಭಿಸಬೇಕು. ಸಂಕಲ್ಪವಿಲ್ಲದ ಕಡೆ ಈ ಸಿದ್ಧತೆ ಎಲ್ಲಿಂದ ಬಂದೀತು?

ಮದುವೆಯಾಗಿ ವರ್ಷ ತುಂಬುವುದರೊಳಗೆ “ಏನಾದರೂ ವಿಶೇಷವುಂಟೇ?” ಎಂದು ಸೊಸೆಯನ್ನು ನೆಂಟರಿಷ್ಟರೆಲ್ಲ ಕೇಳುವರು. ಅವಳು ತಲೆ ತಗ್ಗಿಸಿ ನಕ್ಕರೆ ಅದನ್ನೇ ಸಮ್ಮತಿಯೆಂದು ಎಣಿಸುವರು. ಆ ನಗೆಯೊಳಗೆ ಹರ್ಷವೂ ಇರಬಹುದು, ಭಯವೂ ಇರಬಹುದು; ಎರಡೂ ಕೂಡಿಯೇ ಇರಬಹುದು. ಅದನ್ನು ಬಲ್ಲವಳು ಅವಳೊಬ್ಬಳೇ.

ಆದಕಾರಣ ಹಿರಿಯರಲ್ಲಿ ವಿಜ್ಞಾಪನೆ ಇಷ್ಟು: ವಿಶೇಷವನ್ನು ವಿಚಾರಿಸುವುದನ್ನು ಬಿಟ್ಟು, ಆ ಮಾತನ್ನು ಮೊದಲು ದಂಪತಿಗಳಿಬ್ಬರೇ ಆಡಿಕೊಳ್ಳಲು ಎಡೆಗೊಡಿರಿ. ಗಂಡನಾದವನು ಹೆಂಡತಿಯ ಮನಸ್ಸನ್ನು ಕೇಳಲಿ. ಅವಳು ‘ಈಗ ಬೇಡ’ ಎಂದರೆ ಅದಕ್ಕೂ ಮನೆಯಲ್ಲಿ ಮರ್ಯಾದೆಯಿರಲಿ. ಬಯಕೆಯ ಊಟವನ್ನು ಬಡಿಸುವುದಕ್ಕೆ ಮುಂಚೆ ಬಯಕೆಯನ್ನು ಕೇಳಿದ ಮನೆಯೇ ಧನ್ಯವಾದುದು.