ನಕ್ಕವರ ಋಣ

ದಕ್ಷಿಣ ಕೊರಿಯಾ ದೇಶದ ಬೊಂಗ್ ಜೂನ್-ಹೋ ಎಂಬ ನಿರ್ದೇಶಕನ ‘ಮೆಮರೀಸ್ ಆಫ್ ಮರ್ಡರ್’ ಎಂಬ ಚಲಚ್ಚಿತ್ರವು 2003ರಲ್ಲಿ ಹೊರಬಂದಿತು. ಅದನ್ನು ಕುರಿತು ಪ್ರೇಕ್ಷಕರಲ್ಲಿ ಮೂರು ಬಗೆಯ ಅಭಿಪ್ರಾಯಗಳು ಬಳಕೆಯಲ್ಲಿವೆ. ಕೊಲೆಗಾರನು ಸಿಕ್ಕದೆಯೇ ಕಥೆ ಮುಗಿಯುವುದರಿಂದ ಅದು ಅಪೂರ್ಣವೆಂಬುದು ಮೊದಲನೆಯದು. ಸ್ತ್ರೀಹತ್ಯೆಯಂತಹ ಘೋರವಸ್ತುವಿನ ನಡುವೆ ಹಾಸ್ಯವನ್ನು ಬೆರಸಿದುದು ಅನುಚಿತವೆಂಬುದು ಎರಡನೆಯದು. ನಿಜವಾದ ಕೊಲೆಗಾರನು 2019ರಲ್ಲಿ ಪತ್ತೆಯಾದುದರಿಂದ ಚಿತ್ರದ ಪ್ರಶ್ನೆಗೆ ಉತ್ತರವು ದೊರೆತು, ಇನ್ನು ಅದು ಹಳೆಯ ಕುತೂಹಲ ಮಾತ್ರವೆಂಬುದು ಮೂರನೆಯದು. ಕವಲು ಮೂರಾದರೂ ಬೇರು ಒಂದೆ. ‘ಕೊಂದವನಾರು?’ ಎಂಬುದೇ ಚಿತ್ರದ ಪ್ರಶ್ನೆಯೆಂದು ಈ ಮೂವರೂ ಬಗೆದಿರುವರು. ಇದು ಭ್ರಮೆ; ಇದನ್ನು ಕಳೆದ ಹೊರತು ಚಿತ್ರದ ಗುಣವಾಗಲಿ ದೋಷವಾಗಲಿ ತಿಳಿಯುವಂತಿಲ್ಲ.

ಮೊದಲು ನಡೆದ ಸಂಗತಿಯನ್ನು ನೋಡಬೇಕು. ಸೋಲ್ ನಗರಕ್ಕೆ ದಕ್ಷಿಣದಲ್ಲಿರುವ ಹ್ವಾಸಂಗ್ ಎಂಬ ಸೀಮೆಯು ಆಗ ಬತ್ತದ ಗದ್ದೆಗಳ ನಾಡು. ಅಲ್ಲಿ 1986ರಿಂದ 1991ರವರೆಗೆ ಹತ್ತು ಮಂದಿ ಸ್ತ್ರೀಯರು, ಎಳೆಯ ಬಾಲಿಕೆ ಮೊದಲುಗೊಂಡು ಎಪ್ಪತ್ತು ದಾಟಿದ ವೃದ್ಧೆಯವರೆಗೆ, ಹತರಾದರು. ಪೋಲೀಸಿನವರು ಸುಮಾರು 21,000 ಮಂದಿಯನ್ನು ಸಂಶಯದಿಂದ ವಿಚಾರಿಸಿದರು. ಆದರೂ ಕೊಲೆಗಾರನು ಸಿಕ್ಕಲಿಲ್ಲ. ಆ ದೇಶದ ಅಂದಿನ ಕಾನೂನಿನಂತೆ ಕೊಲೆಯ ಮೊಕದ್ದಮೆಗೆ 15 ವರ್ಷಗಳ ಅವಧಿಯಿದ್ದಿತು. 2006ರಲ್ಲಿ ಕಡೆಯ ಕೊಲೆಗೂ ಅದು ತೀರಿಹೋಯಿತು.

ಅಪೂರ್ಣವೆಂಬವರ ಮಾತಿಗೆ ಸಂಸ್ಕೃತ ನಾಟಕದ ಬೆಂಬಲವುಂಟೆಂದು ತೋರಬಹುದು. ‘ಮೃಚ್ಛಕಟಿಕ’ದಲ್ಲಿ ಚಾರುದತ್ತನು ಕೊಲೆಯ ಅಪವಾದವನ್ನು ಹೊತ್ತು ವಧ್ಯಸ್ಥಾನಕ್ಕೆ ಹೋಗುವನು, ಕಡೆಯ ಕ್ಷಣದಲ್ಲಿ ಸತ್ಯವು ಹೊರಬಿದ್ದು ಬದುಕುವನು. ಅಂತಹ ಮಂಗಳವು ಇಲ್ಲೇಕಿಲ್ಲ? ಏಕೆಂದರೆ ಅಲ್ಲಿ ಸತ್ತಳೆಂದುಕೊಂಡ ವಸಂತಸೇನೆಯೇ ಬದುಕಿಬಂದು ಎದುರಿಗೆ ನಿಲ್ಲುವಳು. ಹ್ವಾಸಂಗ್‌ನ ಹತ್ತು ಮಂದಿಯಲ್ಲಿ ಒಬ್ಬಳೂ ಹಿಂದಿರುಗಲಿಲ್ಲ. ಚಿತ್ರವು ಹೊರಬಂದಾಗ ಅಪರಾಧಿಯಾರೆಂಬುದು ಲೋಕಕ್ಕೆ ತಿಳಿದಿರಲಿಲ್ಲ. ಹೀಗಿರಲು ಕಲ್ಪನೆಯಿಂದ ಒಬ್ಬನನ್ನು ಹಿಡಿದು ತಂದು ಪ್ರೇಕ್ಷಕರನ್ನು ಸಂತೈಸುವುದು ಸತ್ತವರಿಗೆ ಬಗೆಯುವ ದ್ರೋಹವಾಗುತ್ತಿದ್ದಿತು.

ಇನ್ನು ಹಾಸ್ಯದ ವಿಚಾರ. ಚಿತ್ರದಲ್ಲಿ ಪಾರ್ಕ್ ಎಂಬ ಹಳ್ಳಿಯ ಪತ್ತೇದಾರನು ಮುಖವನ್ನು ನೋಡಿದ ಮಾತ್ರಕ್ಕೆ ಅಪರಾಧಿಯನ್ನು ಗುರುತಿಸಬಲ್ಲೆನೆಂದು ಬೀಗುವನು. ಅವನ ಮೇಲಧಿಕಾರಿಯು ಠಾಣೆಯಲ್ಲಿ ಕುಳಿತಿರುವ ಇಬ್ಬರನ್ನು ತೋರಿಸಿ, ಇವರಲ್ಲೊಬ್ಬನು ಅತ್ಯಾಚಾರಿ, ಇನ್ನೊಬ್ಬನು ಅವನನ್ನು ಹಿಡಿದುತಂದ ಸೋದರ, ಯಾರು ಯಾರೆಂದು ಹೇಳೆನ್ನುವನು. ಉತ್ತರವನ್ನು ಚಿತ್ರವು ಕೊಡುವುದೇ ಇಲ್ಲ. ಪಾರ್ಕನ ಸಂಗಡಿಗನು ಗಾಯದ ಗುರುತು ಮೂಡದಂತೆ ಬೂಟಿಗೆ ಬಟ್ಟೆಯ ಗವಸನ್ನು ತೊಡಿಸಿ ಬಂದಿಗಳನ್ನು ತುಳಿಯುವನು. ಬುದ್ಧಿ ಮಂದವಾದ ಹುಡುಗನೊಬ್ಬನನ್ನು ಹೊಡೆದು ಒಪ್ಪಿಗೆಯನ್ನು ಬಾಯಿಪಾಠ ಮಾಡಿಸುವರು. ಬಳಿಕ ಅವನೊಡನೆಯೇ ಕುಳಿತು ಉಣ್ಣುತ್ತ ದೂರದರ್ಶನದಲ್ಲಿ ಪತ್ತೇದಾರಿಕೆಯ ಕಥೆಯನ್ನು ನೋಡುವರು. ಪ್ರೇಕ್ಷಕರು ನಗುವರು.

ಈ ನಗೆಯು ಅನುಚಿತವೆನ್ನುವವರು ಅರ್ಧ ಸತ್ಯವನ್ನು ಹೇಳಿರುವರು. ವಿಕೃತವಾದ ನಡೆಯಿಂದ ಹಾಸ್ಯವು ಹುಟ್ಟುವುದೆಂದು ಭರತನು ಹೇಳಿರುವನು. ರೌದ್ರದ ಫಲವೇ ಕರುಣವೆಂದು ಹೇಳಿದವನೂ ಅವನೆ. ಠಾಣೆಯ ನೆಲಮಾಳಿಗೆಯಲ್ಲಿ ನಡೆಯುವುದು ರೌದ್ರ; ಹೊರಗೆ ಮಾತ್ರ ಹಾಸ್ಯದ ವೇಷ. ವೇಷವನ್ನು ಕಂಡು ನಕ್ಕವನು ಮುಂದೆ ಆ ಹುಡುಗನು ರೈಲಿಗೆ ಸಿಕ್ಕಿ ಸಾಯುವಾಗ ತನ್ನ ನಗೆಯನ್ನು ನೆನೆದು ನಾಚಬೇಕು. ನಿರ್ದೇಶಕನು ಕರುಣಕ್ಕೆ ದಾರಿಯನ್ನು ಹೀಗೆ ಕಡಿದಿರುವನು. ಅನೌಚಿತ್ಯವಿದ್ದರೆ ಅದು ನಗಿಸಿದವನದಲ್ಲ. ನಕ್ಕು ಅಷ್ಟಕ್ಕೇ ಮರೆತು ಎದ್ದುಹೋದವನದು.

ಮರೆತುದರ ಬೆಲೆಯೇನೆಂಬುದು ಮೂರನೆಯ ಅಭಿಪ್ರಾಯವನ್ನು ಪರೀಕ್ಷಿಸಿದಾಗ ತಿಳಿದೀತು. 2019ರಲ್ಲಿ ಹಳೆಯ ಸಾಕ್ಷ್ಯವಸ್ತುಗಳ ಡಿ.ಎನ್.ಎ. ಪರೀಕ್ಷೆಯಿಂದ ಗುರುತಾದವನು 1994ರಲ್ಲಿ ತನ್ನ ನಾದಿನಿಯನ್ನು ಕೊಂದು ಸೆರೆಯಲ್ಲಿದ್ದವನು. ಅವನು ಹ್ವಾಸಂಗ್‌ನ ಹತ್ತು ಕೊಲೆಗಳನ್ನೂ ಒಪ್ಪಿಕೊಂಡನು. ಬೇರೆ ನಾಲ್ಕನ್ನೂ ಹೇಳಿದನು. ಪ್ರೇಕ್ಷಕರು ಚಿತ್ರದ ಶಂಕಿತನ ಮುಖಕ್ಕೂ ಇವನ ಮುಖಕ್ಕೂ ಹೋಲಿಕೆಯನ್ನು ಹುಡುಕತೊಡಗಿದರು. ಚಿತ್ರದ ಕಡೆಯಲ್ಲಿ ಪಾರ್ಕನು ತೆರೆಯಿಂದ ನೇರವಾಗಿ ಸಭೆಯನ್ನು ದಿಟ್ಟಿಸುವನಷ್ಟೆ. ಕೊಲೆಗಾರನು ನೋಡಲು ಬಂದಿದ್ದರೆ ಅವನ ಕಣ್ಣಿಗೆ ಕಣ್ಣು ಕೂಡಲೆಂದು ನಿರ್ದೇಶಕನ ಆಶಯ. ಕೊಲೆಗಾರನು ಸೆರೆಮನೆಯಲ್ಲಿ ಚಿತ್ರವನ್ನು ನೋಡಿದ್ದನು. ಅದನ್ನು ಬರಿಯ ಚಿತ್ರವೆಂದು ನೋಡಿದೆನು, ಯಾವ ಭಾವವೂ ಉಂಟಾಗಲಿಲ್ಲವೆಂದು 2020ರ ನವೆಂಬರಿನಲ್ಲಿ ನ್ಯಾಯಾಲಯದಲ್ಲಿ ನುಡಿದನು. ಆ ನೋಟವು ಅವನನ್ನು ತಾಕಲಿಲ್ಲ. ಹಾಗಾದರೆ ಅದು ಯಾರಿಗೆ ಸಲ್ಲತಕ್ಕುದು?

ಅವನು ಸಾಕ್ಷಿ ನುಡಿದುದು ತನ್ನ ವಿಚಾರಣೆಯಲ್ಲಿ ಅಲ್ಲ, ಮತ್ತೊಬ್ಬನ ಮರುವಿಚಾರಣೆಯಲ್ಲಿ. ಹತ್ತು ಕೊಲೆಗಳಲ್ಲಿ ಎಂಟನೆಯದು, 1988ರಲ್ಲಿ ಬಾಲಿಕೆಯೊಬ್ಬಳು ಹತಳಾದುದು, ಅನುಕರಣದ ಕೊಲೆಯೆಂದು ಬೇರ್ಪಟ್ಟು ಇತ್ಯರ್ಥವಾಗಿದ್ದಿತು. ಅದಕ್ಕಾಗಿ 1989ರಲ್ಲಿ ಇಪ್ಪತ್ತೆರಡು ವಯಸ್ಸಿನ ಬಡ ಕೆಲಸಗಾರನೊಬ್ಬನನ್ನು ಹಿಡಿದರು. ನಿದ್ರೆಗೊಡದೆ ಹಿಂಸಿಸಿ ಒಪ್ಪಿಗೆಯನ್ನು ಪಡೆದರು. ಸರ್ಕಾರಿ ಪ್ರಯೋಗಶಾಲೆಯ ಕೂದಲಿನ ಪರೀಕ್ಷೆಯೂ ಅವನ ವಿರುದ್ಧ ನಿಂತಿತು. ಅವನು ಇಪ್ಪತ್ತು ವರ್ಷ ಸೆರೆಯಲ್ಲಿದ್ದು 2009ರಲ್ಲಿ ಷರತ್ತಿನ ಮೇಲೆ ಹೊರಬಂದನು. ಒಪ್ಪಿಗೆಯು ಬಲಾತ್ಕಾರದ್ದು, ಪರೀಕ್ಷೆಯು ದೋಷಯುಕ್ತವೆಂದು 2020ರ ಡಿಸೆಂಬರ್ 17ರಂದು ಸುವನ್ ನಗರದ ನ್ಯಾಯಾಲಯವು ತೀರ್ಮಾನಿಸಿ ಅವನನ್ನು ನಿರ್ದೋಷಿಯೆಂದಿತು. ಸೋಲ್‌ನಿಂದ ಬಂದ ಪತ್ತೇದಾರನು ಚಿತ್ರದಲ್ಲಿ ಕಾಗದಪತ್ರಗಳು ಸುಳ್ಳಾಡವೆಂದು ನಂಬಿರುವನು. ನಿಜಲೋಕದಲ್ಲಿ ಅವೂ ಸುಳ್ಳಾಡಿದುವು.

ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. 2003ರಲ್ಲಿ ಕೊರಿಯಾದ ಚಿತ್ರಮಂದಿರಗಳಲ್ಲಿ 50 ಲಕ್ಷಕ್ಕೂ ಮಿಕ್ಕ ಮಂದಿ ಕುಳಿತು, ಒದೆತದಿಂದ ಹುಟ್ಟಿದ ಒಪ್ಪಿಗೆಯು ಸುಳ್ಳೆಂದು ಕಣ್ಣಾರೆ ಕಂಡರು. ಅದೇ ಹೊತ್ತಿನಲ್ಲಿ, ಅದೇ ಸೀಮೆಯ ಅದೇ ಕೊಲೆಗಳ ಸಾಲಿನಲ್ಲಿ, ಅಂತಹುದೇ ಒಪ್ಪಿಗೆಯಿಂದ ಶಿಕ್ಷೆಹೊಂದಿದವನು ಸೆರೆಯಲ್ಲಿ ಹದಿನಾಲ್ಕನೆಯ ವರ್ಷವನ್ನು ಎಣಿಸುತ್ತಿದ್ದನು. ಕಲ್ಪನೆಯ ಬಂದಿಗಾಗಿ ಸಭೆಯೆಲ್ಲ ಮರುಗಿತು. ನಿಜವಾದ ಬಂದಿಯ ಕೂಗನ್ನು ಯಾರೂ ಕೇಳಲಿಲ್ಲ. ಅರಿಯದವರಿಗೆ ದೋಷವೆಲ್ಲಿಯದು ಎನ್ನಬಹುದು. ಅಹುದು, ಹೆಸರನ್ನು ಅರಿಯರು. ಆದರೆ ಠಾಣೆಯ ರೀತಿಯನ್ನು ಅರಿತರು. ಅರಿತು, ಆ ರೀತಿಯಿಂದ ಹಿಂದೆ ಯಾರಾದರೂ ಕೆಟ್ಟಿರಬಹುದೆ ಎಂದು ಕೇಳದೆ, ಕೊಂದವನಾರೆಂದು ಮಾತ್ರ ಕೇಳಿದರು. ಕೊಲೆಗಾರನು ಸಿಕ್ಕಿದೊಡನೆ ಪ್ರಶ್ನೆಯು ತೀರಿತೆನ್ನುವವರು ಇಂದಿಗೂ ಅದೇ ತಪ್ಪನ್ನು ಮಾಡುತ್ತಿರುವರು.

ಮಹಾಭಾರತದ ಆದಿಪರ್ವದಲ್ಲಿ ಮಾಂಡವ್ಯ ಋಷಿಯ ಕಥೆಯಿದೆ. ಕಳ್ಳರು ಆಶ್ರಮದಲ್ಲಿ ಅಡಗಿದರು, ರಾಜಭಟರು ಕೇಳಿದಾಗ ಋಷಿಯು ಮೌನವ್ರತದಲ್ಲಿದ್ದನು, ಅವನನ್ನೂ ಶೂಲಕ್ಕೇರಿಸಿದರು. ಕೊರಿಯಾದ ಯುವಕನು ಬಲಾತ್ಕಾರದ ಮಾತಿನಿಂದ ಕೆಟ್ಟನು, ಋಷಿಯು ಮೌನದಿಂದ; ಭಟರ ಅವಿವೇಕವು ಎರಡೆಡೆಯೂ ಒಂದೆ. ಸತ್ಯವು ತಿಳಿದಮೇಲೆ ಅರಸನು ಕಾಲಿಗೆ ಬಿದ್ದನು. ಆದರೆ ಶೂಲವು ಹೊರಬರಲಿಲ್ಲ. ಅದನ್ನು ಬುಡದಲ್ಲಿ ಕತ್ತರಿಸಿದರು. ಒಳಗುಳಿದ ತುಂಡಿನೊಡನೆಯೇ ಅವನು ಬಾಳಿ ಆಣಿಮಾಂಡವ್ಯನೆನಿಸಿದನು. ಕೊರಿಯಾದಲ್ಲಿಯೂ ಪೋಲೀಸಿನವರು ಕ್ಷಮೆ ಬೇಡಿದರು, ಸರ್ಕಾರದ ವಕೀಲರು ಕ್ಷಮೆ ಬೇಡಿದರು. ಇಪ್ಪತ್ತು ವರ್ಷಗಳು ಮಾತ್ರ ಒಳಗೇ ಉಳಿದುವು. ಚಿತ್ರವನ್ನು ಮತ್ತೊಮ್ಮೆ ನೋಡುವವರು ಪಾರ್ಕನ ಕಡೆಯ ನೋಟವು ಕೊಲೆಗಾರನನ್ನು ಹುಡುಕುತ್ತಿದೆಯೆಂದು ಬಗೆಯದಿರಲಿ. ಅದು ನೆಲಮಾಳಿಗೆಯ ಒದೆತಕ್ಕೆ ನಕ್ಕವರನ್ನು ನೋಡುತ್ತಿದೆ.