ಫೋನ್ ಪಕ್ಕ ಕೂತವರ ಮಾತಷ್ಟೇ ಬೆಂಗಳೂರು ಮುಟ್ಟಿದರೆ ಸಾಕಾ?

ಹೋದ ಸುಗ್ಗಿಯಲ್ಲಿ ನಮ್ಮ ಪಕ್ಕದೂರಿನ ರೈತ ಉತ್ಪಾದಕ ಕಂಪನಿಯ ಕಚೇರಿಯಲ್ಲಿ ಒಂದು ಸಭೆ. ಹಾವೇರಿ ಸೀಮೆ, ಬ್ಯಾಡಗಿ ಮೆಣಸಿನಕಾಯಿ ಕಾಲ. ಬೆಂಗಳೂರಿನ ಖರೀದಿದಾರರು ಫೋನಿನಲ್ಲೇ ಮಾತು ಮುಗಿಸೋಣ ಅಂದಿದ್ದರು. ಬರೆದುಕೊಳ್ಳೋಕೆ ಅಂತ ನನ್ನನ್ನೂ ಕರೆದಿದ್ದರು.

ಟೇಬಲ್ ಮೇಲೆ ಅಧ್ಯಕ್ಷರ ಮೊಬೈಲ್, ಸ್ಪೀಕರ್ ಆನ್. ಸುತ್ತ ಕುರ್ಚಿಯಲ್ಲಿ ಐದಾರು ಗಂಡಸರು. ಬಾಗಿಲ ಹತ್ತಿರ ಜಮಖಾನದ ಮೇಲೆ ಮೂವರು ಹೆಣ್ಣುಮಕ್ಕಳು. ಅವರೂ ನಿರ್ದೇಶಕರೇ. ತಲೆ ಮೇಲೆ ಫ್ಯಾನ್, ಅದರ ಮೇಲೆ ತಗಡು.

ತೇವಾಂಶದ ಮಾತು ಬಂದಾಗ ಜಮಖಾನದಿಂದ ಒಬ್ಬ ಅಕ್ಕಾರು ಕೇಳಿದರು: ‘ತೇವ ಎಲ್ಲಿ ಅಳಿತಾರ? ಇಲ್ಲಿ ಲಾರಿ ತುಂಬೋಮುಂದನೋ, ಅಲ್ಲಿ ಇಳಿಸೋಮುಂದನೋ?’ ಆ ಕಡೆಯಿಂದ ‘ಯಾರೋ ಮಾತಾಡ್ತಿದ್ದಾರೆ, ಕೇಳಿಸ್ತಿಲ್ಲ ಸರ್’ ಅಂತ ಬಂತು. ಫೋನ್ ಪಕ್ಕ ಕೂತಿದ್ದವರು ಏನಂದರು ಗೊತ್ತಾ? ‘ಏನಿಲ್ರಿ ಸರ್, ಹಂಗ ಸುಮ್ನ ಮಾತಾಡಾಕತ್ತಾರ, ನೀವು ಹೇಳ್ರಿ.’

ಆ ಪ್ರಶ್ನೆ ಬೆಂಗಳೂರು ಮುಟ್ಟಲೇ ಇಲ್ಲ. ಮಾಲು ಹೋದ ಮೇಲೆ ಅಲ್ಲಿಯ ಮೀಟರ್ ತೇವ ಜಾಸ್ತಿ ತೋರಿಸಿತು, ದರ ಕಡಿತವಾಯಿತು. ಇನ್ನೊಂದು ಎಡವಟ್ಟು ಹಣದ್ದು. ಐದು ದಿನದಲ್ಲಿ ಬರುತ್ತೆ ಅಂತ ಇವರು ಊರಿಗೆಲ್ಲ ಹೇಳಿದ್ದರು. ಅವರು ಹೇಳಿದ್ದು ಹದಿನೈದು ದಿನ. ಅದೇ ಹೊತ್ತಿಗೆ ಇಲ್ಲಿ ಯಾರೋ ‘ಹೂಂ ಹೂಂ’ ಅಂದಿದ್ದರು. ಹದಿನೈದರ ‘ಹದಿ’ ನುಂಗಿಹೋಗಿತ್ತು.

ಆಮೇಲೆ ಎಲ್ಲರೂ ನೆಟ್‌ವರ್ಕಿಗೆ ಬೈದರು. ನನ್ನ ಪ್ರಕಾರ ತಪ್ಪು ನೆಟ್‌ವರ್ಕಿನದಲ್ಲ. ಒಬ್ಬರ ಕಿವಿಗೆ ಅಂತ ಮಾಡಿದ ಸಾಮಾನಿನಲ್ಲಿ ಹತ್ತು ಜನರ ವ್ಯವಹಾರ ನಡೆಸಿದ್ದು ತಪ್ಪು. ತೂಕದ ಯಂತ್ರ ಕೊಳ್ಳುವಾಗ ಅಷ್ಟು ನೋಡುವ ನಾವು, ಲಕ್ಷಗಟ್ಟಲೆ ಮಾತು ಹರಿಯುವ ಫೋನಿಗೆ ಯಾಕೆ ಅಷ್ಟು ನೋಡೋದಿಲ್ಲ?

ಮೊಬೈಲ್ ಹೀಗೇಕೆ ಮಾಡುತ್ತೆ ಅಂದರೆ, ಅದರ ಮೈಕ್ ಮತ್ತು ಸ್ಪೀಕರ್ ಬೆರಳಿನಷ್ಟು ದೂರದಲ್ಲಿವೆ. ಆ ಕಡೆಯವರ ದನಿ ಸ್ಪೀಕರಿನಿಂದ ಹೊರಬಂದು ಮತ್ತೆ ಮೈಕಿಗೆ ಹೊಕ್ಕರೆ ಅವರಿಗೆ ಅವರದೇ ಮಾತು ಮರಳಿ ಕೇಳುತ್ತೆ. ಅದನ್ನು ತಪ್ಪಿಸೋಕೆ ಬಹಳಷ್ಟು ಫೋನುಗಳು ಒಂದು ಕಡೆ ಮಾತಾಡುವಾಗ ಇನ್ನೊಂದು ಕಡೆಯ ದನಿಯನ್ನು ತಗ್ಗಿಸುತ್ತವೆ. ಇಲ್ಲಿ ‘ಹೂಂ’ ಅಂದರೆ ಅಲ್ಲಿನ ಅರ್ಧ ಶಬ್ದ ಹೋಯಿತು. ಎರಡೂ ಕಡೆ ಒಟ್ಟಿಗೆ ಮಾತಾಡಿದರೂ ಎರಡೂ ಕೇಳುವ ಗುಣಕ್ಕೆ ಫುಲ್ ಡ್ಯೂಪ್ಲೆಕ್ಸ್ ಅಂತಾರೆ. ಕಾನ್ಫರೆನ್ಸ್ ಫೋನ್ ಕೊಳ್ಳುವಾಗ ಮೊದಲು ಕೇಳಬೇಕಾದ್ದು ಇದನ್ನೇ.

ಎರಡನೆಯದು ದೂರ. ಮೈಕಿನಿಂದ ಎರಡು ಅಡಿಯಲ್ಲಿದ್ದವರು ನಾಲ್ಕು ಅಡಿಗೆ ಸರಿದರೆ ಅವರ ದನಿಯ ಬಲ ಕಾಲು ಭಾಗಕ್ಕೆ ಇಳಿಯುತ್ತೆ. ಎಂಟು ಅಡಿಗೆ ಹೋದರೆ ಹದಿನಾರರಲ್ಲಿ ಒಂದು ಪಾಲು. ಫ್ಯಾನಿನ ಸದ್ದು ಮಾತ್ರ ಇದ್ದಷ್ಟೇ ಇರುತ್ತೆ. ಅಂದರೆ ಬಾಗಿಲ ಹತ್ತಿರ ಕೂತ ಅಕ್ಕಾರ ದನಿ ಸಣ್ಣದಾಗಿರಲಿಲ್ಲ, ಅವರನ್ನು ಕೂರಿಸಿದ ಜಾಗ ದೂರವಾಗಿತ್ತು.

ಇದಕ್ಕೆ ಪರಿಹಾರ ಬಂದು ಬಹಳ ವರ್ಷವಾಯಿತು. ಅಮೆರಿಕದ ಪಾಲಿಕಾಮ್ ಕಂಪನಿ 1992ರಲ್ಲಿ ಸೌಂಡ್‌ಸ್ಟೇಷನ್ ಅನ್ನುವ ಮೂರು ಕಾಲಿನ ಫೋನ್ ತಂದಿತು. ಸಿನಿಮಾದಲ್ಲಿ ದೊಡ್ಡ ಕಂಪನಿಯ ಮೀಟಿಂಗ್ ತೋರಿಸುವಾಗ ಟೇಬಲ್ ನಡುವೆ ಇಂಥದ್ದನ್ನು ನೀವೂ ನೋಡಿರಬಹುದು. ಒಂದೊಂದು ದಿಕ್ಕಿಗೆ ಒಂದೊಂದು ಮೈಕ್, ನಡುವೆ ಸ್ಪೀಕರ್. ಈಗ ಅಂಗೈಯಗಲದ ಸ್ಪೀಕರ್‌ಫೋನುಗಳೂ ಇವೆ, ಕೆಲವು ಸಾವಿರ ರೂಪಾಯಿಗೆ ಸಿಗುತ್ತವೆ.

ಹಾಗಂತ ಹಾಡು ಕೇಳುವ ಬ್ಲೂಟೂತ್ ಸ್ಪೀಕರ್ ತಂದು ಇಡಬೇಡಿ. ಅದರ ಸದ್ದು ದೊಡ್ಡದು, ಆದರೆ ನಾಕು ಕಡೆಯಿಂದ ಮಾತು ಹಿಡಿಯೋಕೆ ಅಂತ ಮಾಡಿದ್ದಲ್ಲ. ನಮ್ಮ ತೊಂದರೆ ಕೇಳುವುದಕ್ಕಿಂತ ಕೇಳಿಸುವುದರಲ್ಲೇ ಹೆಚ್ಚು.

ಹಾಗಾದರೆ ಯಾವುದನ್ನು ತಗೋಬೇಕು? ಕಾನ್ಫರೆನ್ಸ್ ಫೋನುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಹಳೇ ಲ್ಯಾಂಡ್‌ಲೈನ್ ತಂತಿಗೆ ಹಾಕುವಂಥದ್ದು, ಇಂಟರ್ನೆಟ್ ಮೇಲೆ ನಡೆಯುವಂಥದ್ದು, ಮೊಬೈಲ್ ಅಥವಾ ಲ್ಯಾಪ್‌ಟಾಪಿಗೆ ಯುಎಸ್‌ಬಿ ಇಲ್ಲವೇ ಬ್ಲೂಟೂತ್‌ನಲ್ಲಿ ಜೋಡಿಸುವಂಥದ್ದು. ಹಳ್ಳಿ ಕಚೇರಿಗೆ ಮೂರನೆಯದೇ ಸರಿ ಅನ್ನೋದು ನನ್ನ ಅಭಿಪ್ರಾಯ. ತಾಮ್ರದ ತಂತಿ ಇದ್ದಾಗ ಕರೆಂಟ್ ಹೋದರೂ ಫೋನ್ ನಡೆಯುತ್ತಿತ್ತು, ಯಾಕಂದರೆ ವಿದ್ಯುತ್ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಈಗ ಫೈಬರ್ ಬಂದ ಕಡೆ ಕರೆಂಟ್ ಹೋದರೆ ಮೋಡೆಮ್ಮೂ ಸುಮ್ಮನಾಗುತ್ತೆ, ಅದಕ್ಕೆ ಚುಚ್ಚಿದ ಫೋನೂ ಸುಮ್ಮನಾಗುತ್ತೆ. ಬ್ಯಾಟರಿ ಇರುವ ಸ್ಪೀಕರ್‌ಫೋನ್ ಮೊಬೈಲಿಗೆ ಜೋಡಿಸಿದರೆ ಆ ತಲೆನೋವಿಲ್ಲ.

ಯುಎಸ್‌ಬಿ ಇರಲಿ ಅನ್ನೋಕೆ ಇನ್ನೊಂದು ಕಾರಣ ಕಾನೂನು. ಉತ್ಪಾದಕ ಕಂಪನಿಯ ನಿರ್ದೇಶಕ ಮಂಡಳಿ ಮೂರು ತಿಂಗಳಿಗೊಮ್ಮೆಯಾದರೂ, ವರ್ಷಕ್ಕೆ ಕಡಿಮೆ ಅಂದರೂ 4 ಸಲ ಸೇರಬೇಕು. ಕೋರಂಗೆ ಮೂರನೇ ಒಂದು ಭಾಗ, ಅದೂ ಮೂವರಿಗೆ ಕಡಿಮೆ ಇಲ್ಲದಂತೆ. ದೂರದಲ್ಲಿರುವ ನಿರ್ದೇಶಕರು ವಿಡಿಯೋದಲ್ಲಿ ಸೇರಬಹುದು, ಆದರೆ ಬರೀ ಫೋನ್ ದನಿಯಲ್ಲಿ ಸೇರಿದರೆ ಹಾಜರಿ ಅಂತ ಲೆಕ್ಕಕ್ಕೆ ಬರೋದಿಲ್ಲ. ಲ್ಯಾಪ್‌ಟಾಪಿಗೂ ಜೋಡಿಸುವ ಸ್ಪೀಕರ್‌ಫೋನ್ ಇದ್ದರೆ ವ್ಯಾಪಾರದ ಕರೆಗೂ ಆಯಿತು, ಮಂಡಳಿ ಸಭೆಗೂ ಆಯಿತು.

‘ಕೊಳ್ಳೋದಾದರೆ ದೊಡ್ಡ ಟಿವಿನೇ ತಗೊಳ್ಳೋಣ, ಮುಖ ಕಾಣುತ್ತೆ’ ಅನ್ನುವವರು ಎಲ್ಲ ಕಡೆ ಇದ್ದಾರೆ. ದುಡ್ಡಿದ್ದರೆ ತಗೊಳ್ಳಿ, ಬೇಡ ಅನ್ನೋದಿಲ್ಲ. ಆದರೆ ಚಿತ್ರ ಒಂದು ನಿಮಿಷ ನಿಂತರೆ ವ್ಯವಹಾರ ಕೆಡೋದಿಲ್ಲ. ದನಿ ಅರ್ಧ ಕ್ಷಣ ನಿಂತರೆ ಹದಿನೈದು ಐದಾಗುತ್ತೆ. ಮೊದಲ ಖರ್ಚು ದನಿಗೇ ಆಗಲಿ.

ಕೋಣೆಯ ಕೆಲಸಕ್ಕೆ ದುಡ್ಡೂ ಬೇಡ. ಬೋಳು ಗೋಡೆ, ಸಿಮೆಂಟ್ ನೆಲ ಇದ್ದರೆ ದನಿ ಬಡಿದು ಮರಳುತ್ತೆ. ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಜಮಖಾನ, ಗೋಡೆಗೆ ಒರಗಿಸಿದ ತುಂಬಿದ ಚೀಲಗಳು ಅದನ್ನು ತಕ್ಕಮಟ್ಟಿಗೆ ಹೀರುತ್ತವೆ. ಫೋನಿನ ನೆತ್ತಿ ಮೇಲಿನ ಫ್ಯಾನ್ ಆ ಅರ್ಧ ಗಂಟೆ ಆರಿಸಿ. ತಗಡಿನ ಮೇಲೆ ಮಳೆ ಶುರುವಾದರೆ ಮಾತ್ರ ಯಾವ ಫೋನೂ ನಡೆಯೋದಿಲ್ಲ, ಕರೆಯನ್ನೇ ಮುಂದೂಡಿ.

ಇಷ್ಟೆಲ್ಲ ಮಾಡಿದ ಮೇಲೂ ಯಂತ್ರದ ಕೈಲಿ ಆಗದ ಕೆಲಸ ಒಂದಿದೆ. ‘ಹಂಗ ಸುಮ್ನ ಮಾತಾಡಾಕತ್ತಾರ’ ಅನ್ನುವ ಬಾಯಿಗೆ ಯಾವ ಫೋನಿನಲ್ಲೂ ಬಟನ್ ಇಲ್ಲ. ಅದಕ್ಕೆ ಸಭೆಯಲ್ಲೇ ನಿಯಮ ಆಗಬೇಕು. ಎಲ್ಲರೂ ಸುತ್ತಲೂ ಸಮನಾಗಿ ಕೂರಬೇಕು, ನೆಲದ ಮೇಲಾದರೆ ಎಲ್ಲರೂ ನೆಲದ ಮೇಲೆ, ಫೋನ್ ನಡುವೆ. ಕರೆ ಮುಗಿಸುವ ಮೊದಲು ಅಧ್ಯಕ್ಷರು ಒಬ್ಬೊಬ್ಬರನ್ನೂ ಹೆಸರು ಹಿಡಿದು ‘ನಿಮ್ಮದೇನರ ಐತೇನ್ರಿ?’ ಅಂತ ಕೇಳಬೇಕು. ದರ, ದಿನ, ತೇವ, ಚೀಲದ ಲೆಕ್ಕವನ್ನು ಮತ್ತೊಮ್ಮೆ ಓದಿ ಹೇಳಿ, ‘ಒಂದು, ಐದು, ಹದಿನೈದು’ ಅಂತ ಬಿಡಿಸಿ ಹೇಳಿ, ಅದನ್ನೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಅವರಿಂದ ಒಪ್ಪಿಗೆ ತರಿಸಿಕೊಳ್ಳಬೇಕು. ರೆಕಾರ್ಡ್ ಮಾಡೋದಿದ್ದರೆ ಶುರುವಿನಲ್ಲೇ ಆ ಕಡೆಯವರಿಗೆ ತಿಳಿಸಿ.

ಅಂಗಡಿಯವರು ಫೋನ್ ತೋರಿಸೋಕೆ ಬಂದಾಗ ನಿಮ್ಮ ಕಚೇರಿಯಲ್ಲೇ ಹಚ್ಚಿಸಿ ನೋಡಿ. ಎರಡೂ ಕಡೆಯವರು ಒಟ್ಟಿಗೇ ಒಂದರಿಂದ ಹತ್ತು ಎಣಿಸಿ. ಒಬ್ಬರ ಎಣಿಕೆ ಇನ್ನೊಬ್ಬರಿಗೆ ಪೂರ್ತಿ ಕೇಳಿದರೆ ಮೊದಲ ಪರೀಕ್ಷೆ ಪಾಸು.

ಎರಡನೇ ಪರೀಕ್ಷೆಗೆ ಅಧ್ಯಕ್ಷರು ಮಾತಾಡೋದು ಬೇಡ. ಬಾಗಿಲ ಹತ್ತಿರ ಕೂತ ಅಕ್ಕಾರು ಮನೆಯಲ್ಲಿ ಮಾತಾಡುವಷ್ಟೇ ದನಿಯಲ್ಲಿ ಒಂದು ಪ್ರಶ್ನೆ ಕೇಳಲಿ. ಏನು ಕೇಳಿದರು ಅಂತ ಆ ಕಡೆಯವರು ತಿರುಗಿ ಹೇಳಲಿ. ಹೇಳಿದರೆ ದುಡ್ಡು ಎಣಿಸಿ. ಇಲ್ಲದಿದ್ದರೆ ಫೋನನ್ನು ಡಬ್ಬಿ ಸಮೇತ ವಾಪಸ್ ಕಳಿಸಿ.